ಕಸ್ತೂರಿ ಬಿಟ್ಟ ಸೊನ್ನೆ

ನಮ್ಮೂರಿನಲ್ಲಿ ಪರೀಕ್ಷೆಯ ದಿನ ಶಾಲೆಯ ಗೇಟಿನ ಮುಂದೆ ನಿಲ್ಲುವವರು ಮಕ್ಕಳ ತಂದೆತಾಯಿಗಳಷ್ಟೇ ಅಲ್ಲ. ಹಾಲಿನವರು, ಹೂವಿನವರು, ಹಸು ಕಟ್ಟಿಕೊಂಡವರು, ಮನೆಯಲ್ಲಿ ಬಾಣಂತಿ ಇರುವವರು, ಎಲ್ಲರೂ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಗಂಟೆ ಹೊಡೆದು ಮಕ್ಕಳು ಹೊರಗೆ ಬಂದರೆ ಹೇಗೆ ಬರೆದೆ ಅಂತ ಯಾರೂ ಕೇಳುವುದಿಲ್ಲ. ಏನು ತಪ್ಪು ಬರೆದೆ ಅಂತ ಕೇಳುತ್ತಾರೆ. ಕೇಳದೆ ವಿಧಿಯಿಲ್ಲ. ನಮ್ಮೂರ ಮಗು ಶಾಲೆಯ ಪರೀಕ್ಷೆಯಲ್ಲಿ ಬರೆದ ತಪ್ಪು, ಮೇಷ್ಟ್ರು ಕೂತು ಅದರ ಮೇಲೆ ಕೆಂಪು ಗೆರೆ ಎಳೆಯುವವರೆಗೂ, ಊರಿನಲ್ಲಿ ಹಾಗೆಯೇ ನಡೆಯುತ್ತದೆ.

ಒಂದು ವರ್ಷ ಎರಡನೇ ತರಗತಿಯ ಯಾವುದೋ ಪುಟಾಣಿ ಹಸುವಿಗೆ ಮೂರು ಕಾಲು ಅಂತ ಬರೆದುಬಿಟ್ಟಿತು. ಊರಿನ ಹಸುಗಳೆಲ್ಲ ಗೋಡೆಗೆ ಒರಗಿ ನಿಂತವು. ಗೋಡೆ ಇಲ್ಲದ ಕಡೆ ಗಂಡಸರು ಭುಜ ಕೊಟ್ಟು ನಿಂತರು, ಹೆಂಗಸರು ಹಾಲು ಕರೆದರು. ಇನ್ನೊಂದು ಸಲ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ. ಹಪ್ಪಳ ಹಾಕುವವರು ಆಚೆ ಮನೆಯ ತಾರಸಿಗೆ ಹೋದರು, ಅಷ್ಟೆ. ಎಲ್ಲ ತಪ್ಪೂ ಕೆಟ್ಟದ್ದೇನಲ್ಲ. ಹಾಗಲಕಾಯಿ ಸಿಹಿ ಅಂತ ಯಾರೋ ಬರೆದ ವರ್ಷ ಊರಿಗೆ ಊರೇ ಹೋಗಿ, ಹಬ್ಬ ಕಳೆಯುವವರೆಗೆ ಆ ಪತ್ರಿಕೆ ತಿದ್ದಬೇಡಿ ಅಂತ ಹೆಡ್‌ಮೇಷ್ಟ್ರ ಕಾಲು ಹಿಡಿದಿತ್ತು. ಹಾಗಲಕಾಯಿಯ ಹಲ್ವ ನಾನೂ ತಿಂದಿದ್ದೇನೆ. ಚೆನ್ನಾಗಿಯೇ ಇತ್ತು.

ಹೀಗಾಗಿ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬಹಳ ಹುಷಾರು. ಬೆಳಿಗ್ಗೆ ಕೈಗೆ ಮೊಸರು ಸಕ್ಕರೆ ಹಾಕುವಾಗಲೇ ತಾಯಂದಿರು ಹೇಳಿ ಕಳಿಸುತ್ತಾರೆ: “ಗೊತ್ತಿಲ್ದೇ ಇದ್ರೆ ಬಿಟ್ಬಿಡು ಮಗಾ, ಏನೇನೋ ಗೀಚೋಕ್ ಹೋಗ್ಬೇಡ.” ಅನುಮಾನ ಬಂದ ಪ್ರಶ್ನೆಯನ್ನು ಖಾಲಿ ಬಿಟ್ಟು ಬಂದ ಮಗುವನ್ನು ನಾವು ಜಾಣ ಮಗು ಅನ್ನುತ್ತೇವೆ. ಎಲ್ಲವನ್ನೂ ಸರಿಯಾಗಿ ಬರೆದು ಬಂದ ಮಗುವನ್ನು ಯಾರೂ ಏನೂ ಅನ್ನುವುದಿಲ್ಲ, ಏಕೆಂದರೆ ಊರಿನಲ್ಲಿ ಏನೂ ಆಗಿರುವುದಿಲ್ಲ. ನನ್ನ ಅಕ್ಕನ ಮಗಳು ಕಸ್ತೂರಿ ಅಂಥ ಹುಡುಗಿ. ಒಂದನೇ ತರಗತಿಯಿಂದ ಒಂಬತ್ತರವರೆಗೆ ಅವಳು ಪರೀಕ್ಷೆ ಬರೆದದ್ದು ಊರಿಗೆ ಗೊತ್ತೇ ಆಗಲಿಲ್ಲ.

ಅಕ್ಕ ಭಾವ ಇಬ್ಬರೂ ಪಕ್ಕದೂರಿನ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಗಾದರೆ ಹೋಗಿ ಸಂಜೆ ಬರುವವರು. ಕಸ್ತೂರಿ ಬೆಳೆದದ್ದೆಲ್ಲ ನಮ್ಮವ್ವ ದೇವೀರಮ್ಮನ ಸೆರಗು ಹಿಡಿದುಕೊಂಡೇ. ನಮ್ಮದು ಕೆಳಗಿನ ಬೀದಿ. ಸಂತೆ, ಬಸ್‌ಸ್ಟ್ಯಾಂಡು, ನೀರಿನ ಟ್ಯಾಂಕು ಎಲ್ಲ ಇರುವುದು ಮೇಲಿನ ಬೀದಿಯಲ್ಲಿ. ನಡುವೆ ಒಂದು ಏರು. ಏರು ಅಂದರೆ ಸಾಮಾನ್ಯದ ಏರಲ್ಲ, ಹತ್ತುವಾಗ ಮಾತಾಡಿದರೆ ಮಾತು ಮುಗಿಯುವ ಮೊದಲು ಉಸಿರು ಮುಗಿಯುತ್ತದೆ. ಅವ್ವನ ತಂಗಿ, ನಮ್ಮ ಚಿಕ್ಕವ್ವ ಚೆನ್ನಾಜಮ್ಮ, ಮದುವೆಯಾಗಿ ಹೋದದ್ದು ಮೇಲಿನ ಬೀದಿಗೆ. ಒಂದೇ ಊರಿನಲ್ಲಿದ್ದೂ ಅಕ್ಕತಂಗಿಯರು ಮುಖ ನೋಡುತ್ತಿದ್ದದ್ದು ಹಬ್ಬಕ್ಕೋ ಸಾವಿಗೋ. ಅವ್ವನ ಮಂಡಿ ಹೋದ ಮೇಲೆ ಅದೂ ನಿಂತಿತು.

ಕಸ್ತೂರಿ ಹತ್ತನೇ ತರಗತಿಗೆ ಬಂದ ವರ್ಷ ಸೀತಾಪತಿ ಮೇಷ್ಟ್ರು ಅನ್ನುವವರು ಎಲ್ಲಿಂದಲೋ ವರ್ಗವಾಗಿ ನಮ್ಮ ಶಾಲೆಗೆ ಬಂದರು. ಗಣಿತ ಕಲಿಸುವವರು, ಸಣಕಲು ಮನುಷ್ಯ, ಮದುವೆಯಿಲ್ಲ. ನಮ್ಮೂರ ಪ್ರಶ್ನೆಪತ್ರಿಕೆಯಲ್ಲಿ ದೂರದೂರಿನ ಬೆಟ್ಟ, ದೂರದೂರಿನ ಕೆರೆ ಇರುವುದು ಪದ್ಧತಿ. ಅವುಗಳ ಬಗ್ಗೆ ಏನು ತಪ್ಪು ಬರೆದರೂ ನಮಗೆ ತಟ್ಟುವುದಿಲ್ಲ. ಇದನ್ನು ಹೊಸ ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ಕಣ್ಣಿಗೆ ಕಾಣುವ ಉದಾಹರಣೆ ಕೊಡಬೇಕು ಅನ್ನುವ ಒಳ್ಳೆಯ ಬುದ್ಧಿಯಿಂದ ಅವರು ಒಂದು ಪ್ರಶ್ನೆ ಹಾಕಿದರು: ಕೆಳಗಿನ ಬೀದಿಯ ಬಾವಿಕಟ್ಟೆಯಿಂದ ಮೇಲಿನ ಬೀದಿಯ ಟ್ಯಾಂಕಿನವರೆಗೆ ಏರುದಾರಿಯ ಉದ್ದ ನೂರಿಪ್ಪತ್ತು ಮೀಟರ್, ಏರಿನ ಕೋನ ಮೂವತ್ತು ಡಿಗ್ರಿ, ಹಾಗಾದರೆ ಮೇಲಿನ ಬೀದಿ ಎಷ್ಟು ಎತ್ತರದಲ್ಲಿದೆ? ಪ್ರಶ್ನೆ ನೋಡಿದ ಮಕ್ಕಳೆಲ್ಲ ಪೆನ್ನು ಕೆಳಗಿಟ್ಟರಂತೆ. ಒಬ್ಬೊಬ್ಬರಾಗಿ ಖಾಲಿ ಬಿಟ್ಟರು. ಕಸ್ತೂರಿ ಒಬ್ಬಳೇ ಲೆಕ್ಕ ಮಾಡಿದಳು. ಪ್ರತಿ ಹಂತವನ್ನೂ ಸರಿಯಾಗಿ ಬರೆದಳು. ಕೊನೆಯ ಸಾಲಿಗೆ ಬಂದಾಗ ಗಂಟೆ ಹೊಡೆಯಿತು. ಅರವತ್ತು ಮೀಟರ್ ಅಂತ ಬರೆಯಬೇಕಾದಲ್ಲಿ ಗಡಿಬಿಡಿಗೆ ಒಂದು ಸೊನ್ನೆ ಬಿಟ್ಟು, ಆರು ಮೀಟರ್ ಅಂತ ಬರೆದು ಪತ್ರಿಕೆ ಕೊಟ್ಟಳು.

ಅವಳು ಶಾಲೆಯಿಂದ ಹೊರಗೆ ಬರುವಷ್ಟರಲ್ಲಿ ಮೇಲಿನ ಬೀದಿ ನಮ್ಮ ಮನೆಯ ಹೆಂಚಿನ ಮಟ್ಟಕ್ಕೆ ಇಳಿದು ಕೂತಿತ್ತು. ನಾನು ಅಂಗಳದಲ್ಲಿ ಹಲ್ಲುಕಡ್ಡಿ ಹಾಕಿಕೊಂಡು ನಿಂತವನು ಕಣ್ಣಾರೆ ನೋಡಿದೆ. ಒಂದು ಸದ್ದಿಲ್ಲ, ಧೂಳಿಲ್ಲ. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನಮ್ಮ ಹೆಂಚಿನ ಮೇಲಿಂದ ಬಗ್ಗಿ ನೋಡಿ, “ಏನಣ್ಣ, ಊಟ ಆಯ್ತಾ?” ಅಂದಳು.

ಮೇಲಿನ ಬೀದಿಯವರು ಮೊದಲು ಎರಡು ದಿನ ಮುಖ ಊದಿಸಿಕೊಂಡಿದ್ದರು. ಇಷ್ಟು ದಿನ ಮೇಲಿನಿಂದ ನೋಡಿದವರಿಗೆ ಎದುರಿನಿಂದ ನೋಡುವುದು ಕಷ್ಟವೇ. ಟ್ಯಾಂಕಿನ ನೀರಿಗೆ ರಭಸ ಹೋಗಿ ನಮ್ಮ ನಲ್ಲಿಗಳು ಹನಿಯತೊಡಗಿದವು. ಆದರೆ ಆ ಸುಖದ ಮುಂದೆ ಅದೆಲ್ಲ ಯಾವ ಲೆಕ್ಕ? ತರಕಾರಿ ಗಾಡಿ ಮನೆ ಬಾಗಿಲಿಗೆ ಬಂತು. ತುಂಬುಬಸುರಿಯರು ಆಸ್ಪತ್ರೆಗೆ ನಡೆದೇ ಹೋದರು. ಊರಿನಲ್ಲಿ ಮೊದಲ ಬಾರಿಗೆ ಜನ ಸೈಕಲ್ ಕೊಂಡರು, ಇಂಥದ್ದಕ್ಕೇ ಕಾಯುತ್ತಿದ್ದವನಂತೆ ನಾನು ಸೈಕಲ್ ಶಾಪು ಹಾಕಿದೆ. ಅಲ್ಲಿಯವರೆಗೆ ನನಗೆ ಹೇಳಿಕೊಳ್ಳುವಂಥ ಕಸುಬಿರಲಿಲ್ಲ. ಇನ್ನು ಅವ್ವ! ಎಂಟು ಗಂಟೆಗೆ ತಿಂಡಿ ಮುಗಿಸಿ ಮೇಲಿನ ಬೀದಿಗೆ ಹೊರಟರೆ ಹನ್ನೆರಡಕ್ಕೆ ಬರುವಳು. ಸಂಜೆ ಚಿಕ್ಕವ್ವ ಕೆಳಗೆ ಬರುವಳು. ಇಬ್ಬರೂ ಕೂತು ಅವರೆಕಾಳು ಹಿಸುಕುತ್ತ, ಸತ್ತವರು ಬದುಕಿದವರು ಯಾರನ್ನೂ ಬಿಡದೆ ಆಡಿಕೊಳ್ಳುತ್ತಿದ್ದರು. ಅವ್ವ ಅಷ್ಟು ನಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಕಸ್ತೂರಿಯ ಪತ್ರಿಕೆ ತಿದ್ದುವ ಸರದಿ ಬಂದಾಗ ಊರಿನ ಹಿರಿಯರು ಸೀತಾಪತಿ ಮೇಷ್ಟ್ರ ಮನೆ ಮುಂದೆ ಹೋಗಿ ಕೂತರು. ಮೇಷ್ಟ್ರು ಅದನ್ನು ಕಬ್ಬಿಣದ ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದರು. ಅವಳ ಅಂಕಪಟ್ಟಿಯಲ್ಲಿ ಹತ್ತನೇ ತರಗತಿಯ ಗಣಿತದ ಎದುರು ‘ಮೌಲ್ಯಮಾಪನ ಬಾಕಿ’ ಅಂತ ಬರೆದು ಮೊಹರು ಒತ್ತಿದರು. ಆಗ ಅದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಬೀದಿಯಲ್ಲಿ ಕಂಡವರೆಲ್ಲ ಕಸ್ತೂರಿಯ ತಲೆ ಸವರಿ ಹೋಗುತ್ತಿದ್ದರು. ಒಂಬತ್ತು ವರ್ಷ ಸರಿ ಬರೆದಾಗ ಸಿಗದ ಮರ್ಯಾದೆ ಒಂದು ತಪ್ಪಿಗೆ ಸಿಕ್ಕಿತ್ತು. ಅವಳಿಗೆ ಅದು ಒಂಥರಾ ಮುಜುಗರ.

ಎರಡು ವರ್ಷ ಕಳೆಯಿತು. ಹನ್ನೆರಡನೇ ತರಗತಿ ಮುಗಿಸುವಾಗ ಕಸ್ತೂರಿ ರಾಜಧಾನಿಯ ವಿಶ್ವವಿದ್ಯಾಲಯಕ್ಕೆ ಗಣಿತ ಓದಲು ಅರ್ಜಿ ಹಾಕಿದಳು. ಒಂದೊಂದು ಸೀಟಿಗೆ ನೂರಾರು ಜನ ಮುಗಿಬೀಳುವ ಜಾಗ ಅದು. ಅವರ ಲೆಕ್ಕದಲ್ಲಿ ಅರ್ಧ ತೂಕ ಶಾಲೆಯ ಅಂಕಕ್ಕೆ, ಅರ್ಧ ಪ್ರವೇಶ ಪರೀಕ್ಷೆಗೆ. ಪ್ರವೇಶ ಪರೀಕ್ಷೆಗೆ ಅವಳನ್ನು ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದವನು ನಾನೇ. ಹೊರಗೆ ಬಂದವಳು ಸುತ್ತಮುತ್ತ ನೋಡುತ್ತ ನಿಂತಳು. ಮರ ನೋಡಿದಳು, ಆಕಾಶ ನೋಡಿದಳು, ನನ್ನ ಕೈಬೆರಳು ಹಿಡಿದು ನೋಡಿದಳು.

“ಮಾವ, ಒಂದು ತಪ್ಪು ಮಾಡ್ದೆ ಅನ್ಸುತ್ತೆ. ಆದ್ರೆ ಇಲ್ಲಿ ಏನೂ ಆಗ್ಲೇ ಇಲ್ಲ.”

“ಹಂಗಾದ್ರೆ ಇವ್ರಿಗೆಲ್ಲ ತಪ್ಪು ಮಾಡಿದ್ದು ಗೊತ್ತಾಗೋದಾದ್ರೂ ಹೆಂಗಮ್ಮ?” ಅಂದೆ ನಾನು.

“ಅಂಕ ಬಂದಾಗಲಂತೆ,” ಅಂದಳು. ಇಬ್ಬರಿಗೂ ನಗು ಬಂತು. ಪಾಪ ಅನ್ನಿಸಿತು ಆ ಊರಿನ ಮಕ್ಕಳ ಬಗ್ಗೆ.

ಆ ಪರೀಕ್ಷೆಯಲ್ಲಿ ತಪ್ಪು ಬರೆದರೆ ಬಂದ ಅಂಕವನ್ನೂ ಕಳೆಯುತ್ತಾರಂತೆ. ಬೇರೆ ಊರಿನ ಮಕ್ಕಳು ಅದೃಷ್ಟ ಪರೀಕ್ಷಿಸಲು ಹೋಗಿ ಕೈ ಸುಟ್ಟುಕೊಂಡಿದ್ದರು. ನಮ್ಮ ಹುಡುಗಿ ಅನುಮಾನ ಬಂದದ್ದನ್ನೆಲ್ಲ ಬಿಟ್ಟು, ಗೊತ್ತಿದ್ದದ್ದನ್ನಷ್ಟೇ ಬರೆದು ಬಂದಿದ್ದಳು. ಫಲಿತಾಂಶ ಬಂದಾಗ ಮೊದಲ ಹತ್ತು ಮಂದಿಯಲ್ಲಿ ಅವಳಿದ್ದಳು. ನಮ್ಮ ಮನೆಯಲ್ಲಿ ಒಬ್ಬಟ್ಟು ಆಯಿತು. ಅದರ ಮಾರನೇ ದಿನ ವಿಶ್ವವಿದ್ಯಾಲಯದಿಂದ ಶಾಲೆಗೆ ಫೋನು ಬಂತು. ಹತ್ತನೇ ತರಗತಿಯ ಗಣಿತದ ಅಂಕ ಶನಿವಾರದೊಳಗೆ ಕಳಿಸಬೇಕು, ಇಲ್ಲವಾದರೆ ಅಲ್ಲಿ ಸೊನ್ನೆ ಹಾಕಿಕೊಳ್ಳುತ್ತೇವೆ. ಗಣಿತ ಓದಲು ಬರುವವಳಿಗೆ ಗಣಿತದಲ್ಲೇ ಸೊನ್ನೆ ಬಿದ್ದರೆ ಪ್ರವೇಶ ಪರೀಕ್ಷೆಯಲ್ಲಿ ಆಕಾಶಕ್ಕೆ ಏಣಿ ಹಾಕಿದ್ದರೂ ಸೀಟು ಇಲ್ಲ.

ಕಸ್ತೂರಿ ಮನೆಗೆ ಬಂದು ನನ್ನೊಬ್ಬನಿಗೆ ಹೇಳಿದಳು. “ಸೊನ್ನೆ ಬಿದ್ರೆ ಬೀಳ್ಲಿ ಬಿಡು ಮಾವ. ಇಲ್ಲೇ ಹತ್ರದಲ್ಲಿ ಯಾವ್ದಾದ್ರೂ ಕಾಲೇಜು ಸೇರ್ಕೋತೀನಿ. ಅಜ್ಜಿಗೆ ಹೇಳ್ಬೇಡ.” ನನ್ನ ಸೈಕಲ್ ಶಾಪಿನ ನೆನಪಾಗಿ, ಸುಳ್ಳೇಕೆ, ಒಂದು ಕ್ಷಣ ಎದೆ ಹಗುರಾಯಿತು. ಆದರೆ ಆ ಹುಡುಗಿ ಒಳಗೆ ಹೋಗಿ ಪುಸ್ತಕಗಳನ್ನು ಜೋಡಿಸಿ ಅಟ್ಟದ ಮೇಲೆ ಇಡುತ್ತಿದ್ದದ್ದನ್ನು ನೋಡಿದಾಗ ಆ ಹಗುರ ಉಳಿಯಲಿಲ್ಲ. ಐದನೇ ವಯಸ್ಸಿನಲ್ಲಿ ಬಟಾಣಿ ಕಾಳು ಹರಡಿಕೊಂಡು ಗುಣಾಕಾರ ಮಾಡುತ್ತಿದ್ದ ಮಗು ಅದು. ಚಪ್ಪಲಿ ಮೆಟ್ಟಿಕೊಂಡು ಸೀದಾ ಮೇಷ್ಟ್ರ ಮನೆಗೆ ಹೋದೆ.

“ಮೇಷ್ಟ್ರೇ, ಒಂದು ಉಪಾಯ ಇದೆ,” ಅಂದೆ. “ಆ ಉತ್ತರಕ್ಕೆ ಕೆಂಪು ಗೆರೆ ಹಾಕ್ಬೇಡಿ. ಸರಿ ಅಂತ ಹಾಕ್ಬಿಡಿ. ಪೂರ್ತಿ ಅಂಕ ಬರುತ್ತೆ, ಬೀದಿನೂ ಎಲ್ಲಿದೆಯೋ ಅಲ್ಲೇ ಇರುತ್ತೆ. ಎಲ್ರಿಗೂ ಒಳ್ಳೇದು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮೂರಲ್ಲಿ ಫೆಬ್ರವರಿಗೆ ಮೂವತ್ತು ದಿನ ಯಾಕೆ ಇದೆ, ಗೊತ್ತೇನ್ರೀ ಸಿದ್ದರಾಜು?”

ಗೊತ್ತಿತ್ತು. ನಮ್ಮಜ್ಜನ ಕಾಲದಲ್ಲಿ ಯಾವನೋ ಮೇಷ್ಟ್ರು ತನ್ನ ಭಾವಮೈದುನನ ಮಗನ ತಪ್ಪಿಗೆ ಸರಿ ಹಾಕಿದ್ದ. ಅಂದಿನಿಂದ ನಮಗೆ ಫೆಬ್ರವರಿಗೆ ಮೂವತ್ತು ದಿನ ಇರುತ್ತದೆ, ಮಾರ್ಚಿನಲ್ಲಿ ಎರಡು ದಿನ ಮುರಿದುಕೊಳ್ಳುತ್ತೇವೆ. ಬಸ್ಸಿನವರೂ ಒಗ್ಗಿಹೋಗಿದ್ದಾರೆ. ಅದರಿಂದ ಯಾರಿಗೂ ತೊಂದರೆಯಾಗಿಲ್ಲವಲ್ಲ ಅಂತ ನಾನು ವಾದ ಮಾಡಿದೆ.

“ನಂಗೂ ಆ ಹುಡುಗಿ ಹೋಗ್ಲಿ ಅಂತಾನೇ ಆಸೆ,” ಅಂದರು ಮೇಷ್ಟ್ರು. “ಅವಳನ್ನೇ ಕೇಳಿ. ಅವಳು ಹೂಂ ಅಂದ್ರೆ ಪೆನ್ನು ಅವಳ ಕೈಗೆ ಕೊಟ್ಟು ನಾನು ಆಚೆ ಹೋಗಿ ನಿಂತ್ಕೋತೀನಿ.”

ಮನೆಗೆ ಬಂದು ಕಸ್ತೂರಿಯನ್ನು ಕೇಳಿದೆ. ಅವಳು ಸಿಟ್ಟಾಗಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. “ಬೇಡ ಮಾವ. ತಪ್ಪು ಅಂತ ಗೊತ್ತಿದ್ದೂ ಸರಿ ಹಾಕಿಸ್ಕೊಂಡ್ರೆ, ಆಮೇಲೆ ನಾನು ಯಾವ ಲೆಕ್ಕ ಮಾಡಿದ್ರೂ ನಂಗೇ ನಂಬಿಕೆ ಬರಲ್ಲ.”

“ಹಂಗಿದ್ರೆ ಗೆರೆನೇ ಹಾಕಿಸ್ಕೋ. ಒಂದು ಅಂಕ ಹೋಗುತ್ತೆ, ಹೋಗ್ಲಿ.”

“ಅಜ್ಜಿ ಮಂಡಿ?” ಅಂದಳು. “ದಿನಾ ಬೆಳಿಗ್ಗೆ ಎಷ್ಟು ಖುಷಿಯಿಂದ ಹೊರಡುತ್ತೆ, ನೀನೇ ನೋಡಲ್ವಾ?” ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಯಾವಾಗಲೋ ನಿಂತುಹೋಗಿತ್ತು. ಅವ್ವ ಅಲ್ಲೇ ಇದ್ದಾಳೆ ಅನ್ನುವುದು ಇಬ್ಬರಿಗೂ ಮರೆತಿತ್ತು.

ಶುಕ್ರವಾರ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ರಸ್ತೆಯಲ್ಲಿ ಗಲಾಟೆ ಎದ್ದಿತು. ಶಾಪಿನಿಂದ ಹೊರಗೆ ಬಂದು ನೋಡಿದರೆ ಅವ್ವ, ಚಿಕ್ಕವ್ವ. ಬಾಯಿಗೆ ಬಂದಂತೆ ಬೈದಾಡಿಕೊಂಡು ಶಾಲೆಯ ಕಡೆ ಬರುತ್ತಿದ್ದಾರೆ, ಹಿಂದೆ ಅರ್ಧ ಊರು.

“ನಮ್ಮನೆ ಸಾರಿಗೆ ಉಪ್ಪಿಲ್ಲ ಅಂತೀಯೇನೇ? ಎರಡು ವರ್ಷದಿಂದ ಸುರ್‌ಸುರ್ ಅಂತ ಕುಡಿದಿದ್ಯಾರು?” ಅಂತ ಅವ್ವ.

“ಕುಡಿದೆ, ಪಾಪ ಮುದುಕಿ ನೊಂದ್ಕೋತದೆ ಅಂತ! ನಮ್ಮಪ್ಪನ ಹಿತ್ತಾಳೆ ಕೊಳಗ ಒಬ್ಬಳೇ ಹೊತ್ಕೊಂಡು ಹೋದೋಳು ನೀನು!” ಅಂತ ಚಿಕ್ಕವ್ವ.

“ಮೇಷ್ಟ್ರೇ!” ಅವ್ವ ಶಾಲೆಯ ಮುಂದೆ ನಿಂತು ಕೂಗಿದಳು. “ಆ ಪೇಪರ್ ತೆಗೀರಿ ಆಚೆಗೆ. ತಿದ್ರಿ ಇವತ್ತೇ. ದಿನಾ ಈ ಮೂದೇವಿ ಮುಖ ನೋಡಿ ನೋಡಿ ನಂಗೆ ಸಾಕಾಗದೆ. ಅವಳ ಬೀದಿ ಅವಳು ಮೇಲಕ್ಕೆ ತಗೊಂಡು ಹೋಗ್ಲಿ!”

ಜನ ಬೆರಗಾಗಿ ನೋಡುತ್ತಿದ್ದರು. ಕೆಲವರು ಸಮಾಧಾನ ಹೇಳಲು ಹೋಗಿ ಬೈಸಿಕೊಂಡರು. ನಾನೂ ನಂಬಿಬಿಡುತ್ತಿದ್ದೆನೋ ಏನೋ. ಆದರೆ ಶಾಲೆಯ ಮೆಟ್ಟಿಲು ಹತ್ತುವಾಗ ಚಿಕ್ಕವ್ವ ಬೈಗುಳ ನಿಲ್ಲಿಸದೆಯೇ ಅವ್ವನ ಮೊಣಕೈ ಹಿಡಿದುಕೊಂಡಳು. ಅವ್ವ ಮೇಲಿನ ಮೆಟ್ಟಿಲಿಗೆ ಕಾಲಿಟ್ಟ ಮೇಲೆಯೇ ಬಿಟ್ಟಳು. ನನ್ನ ಪಕ್ಕದಲ್ಲಿ ನಿಂತಿದ್ದ ಕಸ್ತೂರಿಯೂ ಅದನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು, ನನಗೂ ತಡೆಯಲಾಗಲಿಲ್ಲ. ಆ ಇಬ್ಬರು ಮುದುಕಿಯರ ಮೇಲೆ ಅವತ್ತು ನನಗೆ ಬಂದಷ್ಟು ಪ್ರೀತಿ ಯಾರ ಮೇಲೂ ಬಂದಿಲ್ಲ. ಕಸ್ತೂರಿ ಮುಖ ಒರೆಸಿಕೊಂಡು ಮೇಷ್ಟ್ರ ಹತ್ತಿರ ಹೋಗಿ, “ತಿದ್ದಿ ಸಾರ್,” ಅಂದಳು.

ಮೇಷ್ಟ್ರು ಊರಿಗೆ ಒಂದು ದಿನ ಗಡುವು ಕೊಟ್ಟರು, ಶನಿವಾರ ಬೆಳಿಗ್ಗೆ ತಿದ್ದುತ್ತೇನೆ ಅಂತ. ಆ ದಿನವೆಲ್ಲ ಊರಿಗೆ ಮದುವೆಮನೆಯ ಓಡಾಟ. ಬೀರು, ಮಂಚ, ರುಬ್ಬುವ ಕಲ್ಲು, ಯಾವುದು ಯಾವ ಬೀದಿಗೆ ಹೋಗಬೇಕೋ ಸಾಗಿಸಿಕೊಂಡರು. ಏರಿನ ನಡುವೆ ಮನೆಯಿದ್ದವರು ಗೋಡೆಯ ಹಲಗೆಯ ಮೇಲಿನ ಡಬ್ಬಗಳನ್ನು ನೆಲಕ್ಕಿಳಿಸಿದರು. ನಾನು ಸೈಕಲ್‌ಗಳನ್ನೆಲ್ಲ ಹಗ್ಗ ಹಾಕಿ ಕಂಬಕ್ಕೆ ಬಿಗಿದೆ. ಬೆಳಿಗ್ಗೆ ಮೇಷ್ಟ್ರು ಜಗಲಿಯ ಮೇಲೆ ಕೂತು, ಕಸ್ತೂರಿಯ ಲೆಕ್ಕವನ್ನು ಮೊದಲ ಸಾಲಿನಿಂದ ಓದಿ, ಪ್ರತಿ ಹಂತಕ್ಕೂ ಅಂಕ ಕೊಡುತ್ತ ಬಂದರು. ಕೊನೆಯ ಸಾಲಿಗೆ ಬಂದಾಗ ಒಮ್ಮೆ ಎಲ್ಲರ ಮುಖ ನೋಡಿ ಗೆರೆ ಎಳೆದರು. ಹಾಲು ಉಕ್ಕಿದ ಹಾಗೆ ಮೇಲಿನ ಬೀದಿ ಮೆಲ್ಲಗೆ ಮೇಲೆದ್ದಿತು. ತನ್ನ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಚಿಕ್ಕವ್ವ ಬೀದಿಯ ಜೊತೆಗೇ ಮೇಲೆ ಹೋದಳು. ಹೋಗುವಾಗ ಕೈ ಬೀಸಿದಳು, ಜಗಳ ಆಡಿದ್ದು ಮರೆತು ಅವ್ವನೂ ಬೀಸಿದಳು. ಅಷ್ಟರಲ್ಲಿ ಕೆಳಗಿನ ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ಭರ್ ಅಂತ ಸುರಿಯತೊಡಗಿದವು. ಹೆಂಗಸರು ಎಲ್ಲ ಬಿಟ್ಟು ಕೊಡ ತರಲು ಓಡಿದರು.

ಕಸ್ತೂರಿಗೆ ಗಣಿತದಲ್ಲಿ ತೊಂಬತ್ತೈದು ಬಂದಿತ್ತು. ಒಂದು ಅಂಕ ಆ ಸೊನ್ನೆಗೆ, ನಾಲ್ಕು ಅಂಕ ಅನುಮಾನಕ್ಕೆ ಬಿಟ್ಟ ಪ್ರಶ್ನೆಗೆ. ಶಾಲೆಯ ಅಂಕದಲ್ಲಿ ಅವಳಿಗಿಂತ ಮುಂದೆ ಬಹಳ ಜನ ಇದ್ದರಂತೆ, ಪ್ರವೇಶ ಪರೀಕ್ಷೆ ಅವಳನ್ನು ಎತ್ತಿ ಒಳಗೆ ಹಾಕಿತು. ಸೀಟು ಸಿಕ್ಕಿತು.

ಊರು ಮತ್ತೆ ಏರಿಗೆ ಒಗ್ಗಿಕೊಂಡಿತು. ದಾರಿಯುದ್ದಕ್ಕೂ ಮನೆಯವರು ಬಾಗಿಲಿಗೊಂದು ಕುರ್ಚಿ ಹಾಕಿಟ್ಟಿದ್ದಾರೆ, ಹತ್ತುವವರು ಕೂತು ಏಳಬಹುದು. ಸೈಕಲ್ ಯಾರೂ ಮಾರಲಿಲ್ಲ. ಹತ್ತುವಾಗ ತಳ್ಳಿಕೊಂಡು ಹೋಗುತ್ತಾರೆ, ಇಳಿಯುವಾಗ ಹಾರಿ ಕೂತು ಬರುತ್ತಾರೆ. ಬ್ರೇಕು ಸವೆದಷ್ಟೂ ನನಗೆ ಕೆಲಸ. ಅವ್ವ ಬೆಳಿಗ್ಗೆ ಅರ್ಧ ದಾರಿ ಹತ್ತುತ್ತಾಳೆ, ಚಿಕ್ಕವ್ವ ಅರ್ಧ ದಾರಿ ಇಳಿಯುತ್ತಾಳೆ. ನಡುವೆ ಪಾತ್ರೆಗೆ ಕಲಾಯಿ ಹಾಕುವವರ ಮನೆ ಇದೆ, ಅವರ ಜಗಲಿಯ ಮೇಲೆ ಇಬ್ಬರ ಅವರೆಕಾಳಿನ ಮೊರ. ಮನೆಯವರು ಮೊದಮೊದಲು ಗೊಣಗಿದರು, ಈಗ ಕಾಫಿ ಕೊಡುತ್ತಾರೆ. ಅರ್ಧಕ್ಕಿಂತ ಮೇಲೆ ಅವ್ವನ ಮಂಡಿ ಬಿಲ್ಕುಲ್ ಒಪ್ಪುವುದಿಲ್ಲ.

ಕಸ್ತೂರಿ ಹೊರಡುವ ದಿನ ಅಕ್ಕ ಭಾವ ಇಬ್ಬರೂ ಗಿರಣಿಗೆ ರಜೆ ಹಾಕಿದ್ದರು. ಅವಳು ಅವ್ವನ ಕಾಲಿಗೆ ಮನೆಯಲ್ಲೇ ನಮಸ್ಕಾರ ಮಾಡಿ, “ನೀನು ಬರ್ಬೇಡ ಅಜ್ಜಿ, ಇಲ್ಲಿಂದ್ಲೇ ಕಳಿಸು,” ಅಂದಿದ್ದಳು. ಅವ್ವ ಹೂಂ ಅಂದಿದ್ದಳು. ನಾವೆಲ್ಲ ಪೆಟ್ಟಿಗೆ ಹೊತ್ತು ಮೇಲೆ ಹೋಗಿ ಬಸ್ಸಿಗೆ ಕಾದೆವು. ಬಸ್ಸು ಬಂತು, ಸಾಮಾನು ಹತ್ತಿತು, ಕಸ್ತೂರಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರು ಸೀಟಿ ಊದಬೇಕು, ಅಷ್ಟರಲ್ಲಿ ಏರಿನ ತುದಿಯಲ್ಲಿ ಒಂದು ಬಿಳಿಯ ತಲೆ ಕಂಡಿತು. ಹಿಂದೆಯೇ ಚಿಕ್ಕವ್ವನದು.

ಕಸ್ತೂರಿ ಬಸ್ಸಿನಿಂದ ಹಾರಿ ಓಡಿದಳು. “ಯಾಕಜ್ಜಿ ಬರೋಕ್ ಹೋದೆ? ನಿನ್ ಮಂಡಿ...”

ಅವ್ವ ಕೈಯೆತ್ತಿ ಅವಳ ಮಾತು ನಿಲ್ಲಿಸಿದಳು. ಚಿಕ್ಕವ್ವನ ಭುಜ ಹಿಡಿದುಕೊಂಡು ಉಸಿರು ಬರುವವರೆಗೆ ನಿಂತಳು. ಹಣೆಯ ಬೆವರು ಒರೆಸಿಕೊಂಡಳು. ಬಸ್ಸಿನವರೆಲ್ಲ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

“ಅದಿರ್ಲಿ,” ಅಂದಳು. “ಬಾವಿಕಟ್ಟೆಯಿಂದ ಇಲ್ಲೀಗಂಟ ಎಷ್ಟು ಎತ್ತರ? ಹೇಳು.”

ಕಸ್ತೂರಿ ಅಜ್ಜಿಯ ಕೈ ಹಿಡಿದುಕೊಂಡಳು. “ಅರವತ್ತು ಮೀಟರ್, ಅಜ್ಜಿ.”

“ಸರಿ,” ಅಂದಳು ಅವ್ವ. “ಹೋಗ್ಬಾ.”